ಮಳೆಯ ಸದ್ದು, ಮನಸ್ಸಿನ ಭಯ ಮತ್ತು ಕಣ್ಣಿಗೆ ಕಟ್ಟುವ ಯಂತ್ರ



ಅವಲಾಂಚ್ ಅಂದರೆ ಇಂಗ್ಲಿಷಿನಲ್ಲಿ ಹಿಮಕುಸಿತ. ಆದರೆ ಆ ಹೆಸರಿನ ಜಾಗ ನಮ್ಮ ಗಡಿಯಾಚೆಯ ನೀಲಗಿರಿ ಜಿಲ್ಲೆಯಲ್ಲಿದೆ, ಅಲ್ಲಿ ಕುಸಿಯುವಷ್ಟು ಹಿಮವೇ ಇಲ್ಲ. ಹತ್ತೊಂಬತ್ತನೇ ಶತಮಾನದ ಆರಂಭದಲ್ಲಿ ಅಲ್ಲೊಂದು ದೊಡ್ಡ ಗುಡ್ಡ ಜರಿಯಿತು. ಇಂಗ್ಲಿಷರು ಆ ಮಣ್ಣಿನ ಕುಸಿತಕ್ಕೇ ಹಿಮಕುಸಿತದ ಹೆಸರಿಟ್ಟರು. ಊಟಿಯಿಂದ ಇಪ್ಪತ್ತೈದು ಮೂವತ್ತು ಕಿಲೋಮೀಟರ್ ದೂರ. ಕಾಡು, ಕೆರೆ, ಸುತ್ತಮುತ್ತ ಬಡಗರ ಹಟ್ಟಿಗಳು. ಬಡಗ ಭಾಷೆ ಕೇಳಿದರೆ ಕನ್ನಡದ ಕಿವಿಗೆ ಅರ್ಧಕ್ಕರ್ಧ ತಿಳಿಯುತ್ತದೆ.

ಈ ಅವಲಾಂಚ್‌ನಲ್ಲಿ 2019ರ ಆಗಸ್ಟ್ 8ರಂದು ದಾಖಲಾದ 24 ಗಂಟೆಗಳ ಮಳೆ ಎಷ್ಟು ಗೊತ್ತಾ? 820 ಮಿಲಿಮೀಟರ್. ಮೈಸೂರು ನಗರಕ್ಕೆ ಒಂದು ಇಡೀ ವರ್ಷದಲ್ಲಿ ಬೀಳುವ ಮಳೆ ಹೆಚ್ಚುಕಡಿಮೆ ಇಷ್ಟೇ. ಅದು ಅಲ್ಲಿ ಒಂದು ಹಗಲು ಒಂದು ರಾತ್ರಿಯಲ್ಲಿ ಸುರಿಯಿತು. ಆ ವಾರ ನೀಲಗಿರಿಯ ಅನೇಕ ಕಡೆ ಗುಡ್ಡ ಜರಿಯಿತು, ರಸ್ತೆ ಕೊಚ್ಚಿಹೋಯಿತು.

ಮಳೆಯನ್ನು ಅಳೆಯಲು ಮಳೆಮಾಪಕ ಇದೆ. ಆ ಮಳೆ ನಿಂತ ಮೇಲೂ ಮನಸ್ಸಿನೊಳಗೆ ಸುರಿಯುತ್ತಲೇ ಇರುವ ಮಳೆಯನ್ನು ಯಾವುದರಿಂದ ಅಳೆಯೋದು? ಅದನ್ನು ನಿಲ್ಲಿಸೋದು ಹೇಗೆ? ಇದು ಮನೋವಿಜ್ಞಾನದ ಪ್ರಶ್ನೆ. ಈ ಕೆಲಸಕ್ಕೆ ಈಗ ಎರಡು ಹೊಸ ಸಲಕರಣೆ ಬಂದಿವೆ: ವರ್ಚುವಲ್ ರಿಯಾಲಿಟಿ, ಅಂದರೆ ಮಿಥ್ಯಾ ವಾಸ್ತವ, ಮತ್ತು ಕೃತಕ ಬುದ್ಧಿಮತ್ತೆ. ಚಿಕ್ಕದಾಗಿ ವಿ.ಆರ್. ಮತ್ತು ಎ.ಐ. ಅನ್ನೋಣ. ಇವು ಹೇಗೆ ಕೆಲಸ ಮಾಡುತ್ತವೆ, ಎಲ್ಲಿ ಕೈಕೊಡುತ್ತವೆ, ಈ ಪಾಠದಲ್ಲಿ ನೋಡೋಣ.

ಭಯ ಕಲಿಯುವುದು, ಭಯ ಮರೆಯುವುದು

ಒಬ್ಬಳು ಹುಡುಗಿಯನ್ನು ಊಹಿಸಿಕೊಳ್ಳಿ. ಏಳನೇ ತರಗತಿ. ಅಂಥದ್ದೊಂದು ರಾತ್ರಿ ಮನೆಯ ಹಿಂದಿನ ಮಣ್ಣು ಜರಿದ ಸದ್ದು ಕೇಳಿದ್ದಾಳೆ. ಯಾರಿಗೂ ಏನೂ ಆಗಲಿಲ್ಲ. ಆದರೆ ಅಂದಿನಿಂದ ಶಾಲೆಯ ತಗಡಿನ ಮಾಡಿನ ಮೇಲೆ ನಾಲ್ಕು ಹನಿ ಬಿದ್ದರೂ ಎದೆ ಡವಡವ, ಅಂಗೈಯಲ್ಲಿ ಬೆವರು. ಪಾಠ ತಲೆಗೆ ಹೋಗೋದಿಲ್ಲ. ಮೋಡ ಕವಿದ ದಿನ ಹೊಟ್ಟೆನೋವು ಅಂತ ಶಾಲೆಗೇ ಬರೋದಿಲ್ಲ. ಮನೆಯವರು "ನಾಟಕ ಆಡ್ತಾಳೆ" ಅಂತಾರೆ.

ನಾಟಕ ಅಲ್ಲ. ನಮ್ಮ ಮೆದುಳಿನ ಒಳಭಾಗದಲ್ಲಿ, ಎಡಕ್ಕೊಂದು ಬಲಕ್ಕೊಂದು, ಬಾದಾಮಿ ಆಕಾರದ ಪುಟ್ಟ ಭಾಗ ಇದೆ. ಹೆಸರು ಅಮಿಗ್ಡಲ. ಅಪಾಯದ ಸುಳಿವುಗಳನ್ನು ನೆನಪಿಟ್ಟುಕೊಳ್ಳುವುದು ಅದರ ಮುಖ್ಯ ಕೆಲಸಗಳಲ್ಲೊಂದು. ಮಳೆಯ ಸದ್ದೂ ಮಣ್ಣು ಜರಿದ ಸದ್ದೂ ಒಟ್ಟಿಗೆ ಬಂದವಲ್ಲ, ಅದು ಎರಡನ್ನೂ ಒಂದೇ ಗಂಟು ಹಾಕಿಬಿಟ್ಟಿತು. ಈಗ ಮಳೆಯ ಸದ್ದೊಂದೇ ಬಂದರೂ ಸಾಕು, ಸಂದೇಶ ಹೊರಡುತ್ತದೆ. ಮೂತ್ರಪಿಂಡಗಳ ಮೇಲೆ ಟೋಪಿಯಂತೆ ಕೂತಿರುವ ಅಡ್ರಿನಲ್ ಗ್ರಂಥಿಗಳಿಂದ ಅಡ್ರಿನಲಿನ್ ರಕ್ತಕ್ಕೆ ಸೇರುತ್ತದೆ. ಮುಂದಿನದ್ದು ಹತ್ತನೇ ತರಗತಿಯ ಹಾರ್ಮೋನುಗಳ ಪಾಠದಲ್ಲೇ ಇದೆ: ಹೃದಯದ ಬಡಿತ ಏರುತ್ತದೆ, ಉಸಿರು ಜೋರಾಗುತ್ತದೆ, ಜೀರ್ಣಾಂಗಗಳಿಗೆ ಹೋಗುವ ರಕ್ತ ಕಡಿಮೆಯಾಗಿ ಸ್ನಾಯುಗಳಿಗೆ ಹೆಚ್ಚಾಗುತ್ತದೆ. ಹೊಟ್ಟೆಯಲ್ಲಿ ತಳಮಳ ಅಂತೀವಲ್ಲ, ಅದರಲ್ಲಿ ಇದರ ಪಾಲೂ ಇದೆ. ಅವಳ ಹೊಟ್ಟೆನೋವು ಸುಳ್ಳಲ್ಲ.

ನಾಯಿ, ಗಂಟೆ, ಊಟ ಎಂಬ ಪಾವ್ಲೋವ್ ಪ್ರಯೋಗ ನೀವು ಕೇಳಿರಬಹುದು. ಇದೂ ಅದೇ ರೀತಿಯ ಕಲಿಕೆ. ಹಾಗಿದ್ದರೆ ಕಲಿತದ್ದನ್ನು ಬೇರೆ ಕಲಿಕೆಯಿಂದ ಬದಲಾಯಿಸಬಹುದಲ್ಲ? ಇದನ್ನು ಮೊದಲು ಚೆನ್ನಾಗಿ ತೋರಿಸಿದವರು ಮೇರಿ ಕವರ್ ಜೋನ್ಸ್ ಎಂಬ ಅಮೆರಿಕದ ಮನೋವಿಜ್ಞಾನಿ. 1924ರಲ್ಲಿ ಪ್ರಕಟವಾದ ಅವರ ವರದಿಯಲ್ಲಿ ಪೀಟರ್ ಎಂಬ ಪುಟ್ಟ ಹುಡುಗ ಬರುತ್ತಾನೆ. ಅವನಿಗೆ ಮೊಲ ಕಂಡರೆ ಭಯ. ಅವನು ಇಷ್ಟದ ತಿಂಡಿ ತಿನ್ನುತ್ತಿರುವಾಗ ಮೊಲದ ಪಂಜರವನ್ನು ದೂರದಲ್ಲಿಟ್ಟರು. ಮತ್ತೊಂದು ದಿನ ಸ್ವಲ್ಪ ಹತ್ತಿರ. ಇನ್ನೊಂದು ದಿನ ಇನ್ನೂ ಹತ್ತಿರ. ಕೊನೆಗೆ ಮೊಲ ಅವನ ಕೈಗೇ ಬಂತು. 1950ರ ದಶಕದಲ್ಲಿ ದಕ್ಷಿಣ ಆಫ್ರಿಕಾದ ಜೋಸೆಫ್ ವೋಲ್ಪೆ ಈ ಬಗೆಯ ವಿಧಾನವನ್ನು ಕ್ರಮಬದ್ಧ ಚಿಕಿತ್ಸೆಯಾಗಿಸಿದರು. ಭಯದ ಒಂದು ಏಣಿ ಮಾಡೋದು. ಕೆಳಗಿನ ಮೆಟ್ಟಿಲಲ್ಲಿ ಕಡಿಮೆ ಭಯದ ಸಂಗತಿ, ಮೇಲೆ ಹೋದಂತೆ ಹೆಚ್ಚು. ಒಂದೊಂದು ಮೆಟ್ಟಿಲಲ್ಲೂ ಮನಸ್ಸು ಶಾಂತವಾಗುವ ತನಕ ನಿಲ್ಲೋದು.

ಇಲ್ಲಿ ಒಂದು ಸೂಕ್ಷ್ಮ ಇದೆ, ಬಿಡಬೇಡಿ. ಹಳೆಯ ಭಯ ಅಳಿಸಿಹೋಗುವುದಿಲ್ಲ. ಅದರ ಪಕ್ಕದಲ್ಲಿ "ಮಳೆ ಬಂತು, ಆದರೂ ಏನೂ ಆಗಲಿಲ್ಲ" ಎಂಬ ಹೊಸ ಪಾಠ ಬಲವಾಗುತ್ತದೆ. ಹಾಗಾಗಿ ಭಯದಿಂದ ತಪ್ಪಿಸಿಕೊಂಡು ಓಡಿದಷ್ಟೂ ಹೊಸ ಪಾಠ ಕಲಿಯುವ ಅವಕಾಶ ತಪ್ಪುತ್ತದೆ. ಮೋಡ ಕವಿದ ದಿನ ಮನೆಯಲ್ಲೇ ಉಳಿದ ಹುಡುಗಿಗೆ ಆ ದಿನ ನೆಮ್ಮದಿ, ಆದರೆ ಮುಂದಿನ ಮಳೆಗೆ ಭಯ ಇನ್ನಷ್ಟು.

ಏಣಿಗೆ ಮೆಟ್ಟಿಲು ಎಲ್ಲಿಂದ?

ಮೊಲವನ್ನು ಪಂಜರದಲ್ಲಿ ತರಬಹುದು. ಮಳೆ, ವಿಮಾನ, ಯುದ್ಧ ಇವನ್ನು ವೈದ್ಯರ ಕೋಣೆಗೆ ತರೋದು ಹೇಗೆ? "ಕಣ್ಣು ಮುಚ್ಚಿ ಊಹಿಸಿಕೊಳ್ಳಿ" ಅನ್ನುತ್ತಿದ್ದರು. ಕೆಲವರಿಗೆ ಊಹಿಸಲು ಬರೋದಿಲ್ಲ. ಕೆಲವರು ಭಯದಿಂದ ಊಹಿಸೋದಿಲ್ಲ. ವಿ.ಆರ್. ಕಾಲಿಟ್ಟದ್ದು ಇಲ್ಲಿ.

ಮೊದಲು ಅದರ ವಿಜ್ಞಾನ. ಹೆಬ್ಬೆರಳನ್ನು ಮೂಗಿನ ಮುಂದೆ ಒಂದು ಗೇಣು ದೂರ ಹಿಡಿಯಿರಿ. ಎಡಗಣ್ಣು ಮುಚ್ಚಿ ನೋಡಿ, ಆಮೇಲೆ ಬಲಗಣ್ಣು ಮುಚ್ಚಿ ನೋಡಿ. ಬೆರಳು ಜಿಗಿದ ಹಾಗೆ ಕಾಣುತ್ತದೆ ಅಲ್ವಾ? ಎರಡು ಕಣ್ಣುಗಳ ನಡುವೆ ಸುಮಾರು 6 ಸೆಂಟಿಮೀಟರ್ ಅಂತರ ಇರೋದರಿಂದ ಎರಡಕ್ಕೂ ಕಾಣುವ ಚಿತ್ರ ಸ್ವಲ್ಪ ಬೇರೆ. ಆ ವ್ಯತ್ಯಾಸವನ್ನೇ ಲೆಕ್ಕ ಹಾಕಿ ಮೆದುಳು ದೂರವನ್ನು ತಿಳಿಯುತ್ತದೆ. ಕಣ್ಣಿಗೆ ಕಟ್ಟುವ ವಿ.ಆರ್. ಹೆಡ್‌ಸೆಟ್ ಮಾಡುವುದೂ ಇದನ್ನೇ: ಎರಡು ಮಸೂರಗಳ ಹಿಂದೆ, ಒಂದೊಂದು ಕಣ್ಣಿಗೆ ಒಂದೊಂದು ಚಿತ್ರ. ಮೆದುಳು ಎರಡನ್ನೂ ಸೇರಿಸಿ ಆಳ ಕಟ್ಟಿಕೊಳ್ಳುತ್ತದೆ. ಜೊತೆಗೆ ತಲೆ ಎತ್ತ ತಿರುಗಿತು ಎಂದು ತಿಳಿಯುವ ಪುಟ್ಟ ಸಂವೇದಕಗಳಿರುತ್ತವೆ. ನಿಮ್ಮ ಮನೆಯ ಸ್ಮಾರ್ಟ್‌ಫೋನ್ ಅಡ್ಡ ಹಿಡಿದಾಗ ಚಿತ್ರವೂ ಅಡ್ಡ ಆಗುತ್ತದಲ್ಲ, ಅದರಲ್ಲಿರುವುದೂ ಇದೇ ಜಾತಿಯ ಸಂವೇದಕ. ತಲೆ ತಿರುಗಿಸಿದ ಕೂಡಲೇ, ಸೆಕೆಂಡಿನ ಐವತ್ತನೇ ಒಂದು ಭಾಗದೊಳಗೆ, ಚಿತ್ರವೂ ಬದಲಾಗಬೇಕು. ತಡವಾದರೆ ಹೊಟ್ಟೆ ತೊಳಸುತ್ತದೆ.

ಯಾಕೆ ತೊಳಸುತ್ತದೆ? ಮಸಿನಗುಡಿಯಿಂದ ಕಲ್ಲಟ್ಟಿ ಘಾಟಿಯಲ್ಲಿ ಊಟಿಗೆ ಹೋದವರನ್ನು ಕೇಳಿ. ಮೂವತ್ತಾರು ಹೇರ್‌ಪಿನ್ ತಿರುವು. ಬಸ್ಸಿನಲ್ಲಿ ತಲೆ ತಗ್ಗಿಸಿ ಮೊಬೈಲ್ ನೋಡುತ್ತಾ ಕೂತರೆ ಕಣ್ಣು "ನಾನು ಅಲುಗುತ್ತಿಲ್ಲ" ಅನ್ನುತ್ತದೆ, ಒಳಕಿವಿಯ ಅರ್ಧವೃತ್ತಾಕಾರದ ನಾಳಗಳು "ತಿರುಗುತ್ತಿದ್ದೀಯ" ಅನ್ನುತ್ತವೆ. ಇಬ್ಬರ ಸಾಕ್ಷಿ ಹೊಂದದಿದ್ದರೆ ಮೆದುಳಿಗೆ ಗೊಂದಲ, ನಿಮಗೆ ವಾಂತಿ. ವಿ.ಆರ್.ನಲ್ಲಿ ಇದು ತಿರುಗುಮುರುಗು: ಕಣ್ಣು ಹಾರುತ್ತಿದೆ, ಕಿವಿ ಕುರ್ಚಿಯ ಮೇಲೆ ಸುಮ್ಮನೆ ಕೂತಿದೆ.

ಇಂಥ ಯಂತ್ರ ಹೊಸದೇನಲ್ಲ. 1968ರಲ್ಲೇ ಅಮೆರಿಕದ ಐವನ್ ಸದರ್‌ಲ್ಯಾಂಡ್ ಒಂದನ್ನು ಮಾಡಿದ್ದರು. ಅದು ಎಷ್ಟು ಭಾರವಾಗಿತ್ತೆಂದರೆ ಚಾವಣಿಯಿಂದ ತೂಗುಹಾಕಬೇಕಿತ್ತು. ಚಿಕಿತ್ಸೆಗೆ ಬಂದದ್ದು 1990ರ ದಶಕದಲ್ಲಿ. ಅಟ್ಲಾಂಟಾದ ಮನೋವಿಜ್ಞಾನಿ ಬಾರ್ಬರಾ ರಾಥ್‌ಬಾಮ್ ಮತ್ತು ಕಂಪ್ಯೂಟರ್ ವಿಜ್ಞಾನಿ ಲ್ಯಾರಿ ಹಾಡ್ಜಸ್ ಎತ್ತರದ ಭಯ ಇರುವವರಿಗೆ ಇದನ್ನು ಬಳಸಿ 1995ರಲ್ಲಿ ಫಲಿತಾಂಶ ಪ್ರಕಟಿಸಿದರು. ಆಗಿನ ಚಿತ್ರಗಳು ಇಂದಿನ ಮಕ್ಕಳು ನಗುವಷ್ಟು ಒರಟು. ಆದರೂ ಜನರ ಕಾಲು ನಡುಗಿತು. ಇದೇ ವಿ.ಆರ್.ನ ಸೋಜಿಗ: "ಇದು ಸುಳ್ಳು" ಅಂತ ಬುದ್ಧಿಗೆ ಗೊತ್ತು, ಅಮಿಗ್ಡಲ ಮಾತ್ರ ಅದನ್ನು ಕೇಳೋದಿಲ್ಲ. ಭಯ ಬರುತ್ತದೆ ಎಂಬ ಕಾರಣಕ್ಕೇ ಭಯದ ಜೊತೆ ಅಭ್ಯಾಸ ಮಾಡಲು ಆಗುತ್ತದೆ.

ಇನ್ನೊಂದು ಉಪಯೋಗ ನನಗೆ ಬಹಳ ಇಷ್ಟ. ವಾಷಿಂಗ್ಟನ್ ವಿಶ್ವವಿದ್ಯಾಲಯದ ಹಂಟರ್ ಹಾಫ್‌ಮನ್ ಮತ್ತು ಸಂಗಡಿಗರು ಸುಟ್ಟಗಾಯದ ರೋಗಿಗಳಿಗಾಗಿ ಹಿಮದ ಲೋಕವೊಂದನ್ನು ಕಟ್ಟಿದರು. ಗಾಯ ತೊಳೆದು ಬಟ್ಟೆ ಕಟ್ಟುವಾಗ ಆಗುವ ನೋವು ಭಯಂಕರ. ಆ ಹೊತ್ತಿಗೆ ರೋಗಿ ಹಿಮದ ಕಣಿವೆಯಲ್ಲಿ ತೇಲುತ್ತಾ ಹಿಮದ ಉಂಡೆ ಎಸೆಯುತ್ತಿರುತ್ತಾನೆ. ಗಮನ ಅತ್ತ ಹೋದಷ್ಟೂ ನೋವಿಗೆ ಉಳಿಯುವ ಗಮನ ಕಡಿಮೆ. ಪುಟ್ಟ ಮಗುವಿಗೆ ಚುಚ್ಚುಮದ್ದು ಹಾಕುವಾಗ ನಮ್ಮ ಅಜ್ಜಿಯರು "ಅಲ್ನೋಡು ಕಾಗೆ" ಅನ್ನುತ್ತಿದ್ದದ್ದೂ ಇದೇ ತತ್ವ!

ಈಗ ಸ್ವಲ್ಪ ನಿಧಾನವಾಗಿ ಓದಿ. 2018ರಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಡೇನಿಯಲ್ ಫ್ರೀಮನ್ ತಂಡ ಎತ್ತರದ ಭಯ ಇರುವ 100 ಜನರ ಮೇಲೆ ಪ್ರಯೋಗ ಮಾಡಿತು. ಸುಮಾರು ಅರ್ಧ ಜನರಿಗೆ ವಿ.ಆರ್. ಚಿಕಿತ್ಸೆ. ಹತ್ತು ಮಹಡಿಯ ಮಿಥ್ಯಾ ಕಟ್ಟಡ. ಅಲ್ಲಿ ಅಲುಗಾಡುವ ಕಾಲುಸೇತುವೆ ದಾಟಬೇಕು, ಮರದಲ್ಲಿ ಸಿಕ್ಕಿಬಿದ್ದ ಬೆಕ್ಕನ್ನು ಇಳಿಸಬೇಕು. ಸಲಹೆ ಕೊಡುವವರು ಮನುಷ್ಯರಲ್ಲ, ಕಂಪ್ಯೂಟರ್ ರೂಪಿಸಿದ ಒಂದು ಪಾತ್ರ. ಅರ್ಧ ಗಂಟೆಯ ಕೆಲವೇ ಕೂಟಗಳು, ಎರಡು ವಾರದೊಳಗೆ ಮುಗಿಯಿತು. ಅವರ ಭಯದ ಅಂಕ ಸರಾಸರಿ 68% ಇಳಿಯಿತು.

ಚಪ್ಪಾಳೆ ತಟ್ಟುವ ಮೊದಲು ವಿಜ್ಞಾನದ ವಿದ್ಯಾರ್ಥಿ ಒಂದು ಪ್ರಶ್ನೆ ಕೇಳಬೇಕು. ಯಾವುದಕ್ಕೆ ಹೋಲಿಸಿ? ಉಳಿದ ಅರ್ಧ ಜನರಿಗೆ ಆ ಅವಧಿಯಲ್ಲಿ ಬೇರೆ ವಿಶೇಷ ಚಿಕಿತ್ಸೆ ಕೊಟ್ಟಿರಲಿಲ್ಲ. ಹಾಗಾಗಿ "ಏನೂ ಮಾಡದೆ ಇರುವುದಕ್ಕಿಂತ ವಿ.ಆರ್. ಬಹಳ ಮೇಲು" ಎಂದು ಈ ಪ್ರಯೋಗ ಹೇಳುತ್ತದೆ. "ಒಳ್ಳೆಯ ಮನೋವೈದ್ಯರಿಗಿಂತ ಮೇಲು" ಎಂದು ಹೇಳುವುದಿಲ್ಲ. ಮೊಬೈಲಿನಲ್ಲಿ ಬರುವ ಸುದ್ದಿಗಳಲ್ಲಿ ಈ ಎರಡು ವಾಕ್ಯ ಕಲಸಿಹೋಗಿರುತ್ತವೆ.

ಎಷ್ಟು ಭಯ ಇರಬೇಕು?

ಸರಿ, ನಮ್ಮ ಹುಡುಗಿಯ ಕಣ್ಣಿಗೆ ಹೆಡ್‌ಸೆಟ್ ಕಟ್ಟಿ, ತುಂತುರಿನಿಂದ ಜಡಿಮಳೆಯ ತನಕ ಏಣಿ ಹತ್ತಿಸಿ, ಮಳೆಯ ಭಯ ಪೂರ್ತಿ ತೆಗೆದುಬಿಡೋಣವೇ?

ಅವಲಾಂಚ್‌ನಲ್ಲಿ ಹಾಗೆ ಮಾಡುವ ಹಾಗಿಲ್ಲ. ಅಟ್ಲಾಂಟಾದ ಗಾಜಿನ ಲಿಫ್ಟ್ ಬೀಳುವುದಿಲ್ಲ, ಅದರ ಭಯ ಸುಳ್ಳು ಭಯ. ನೀಲಗಿರಿಯ ಇಳಿಜಾರು ನಿಜವಾಗಿ ಜರಿಯುತ್ತದೆ. ಗೋಡೆಯಲ್ಲಿ ಹೊಸ ಬಿರುಕು, ಮರ ಓರೆಯಾಗುವುದು, ಝರಿಯ ನೀರು ಇದ್ದಕ್ಕಿದ್ದಂತೆ ಕೆಸರಾಗುವುದು, ಇವನ್ನು ಕಂಡ ಕೂಡಲೇ ಮನೆ ಬಿಟ್ಟು ಹೊರಡಬೇಕು. ಹಾಗೆ ಹೊರಡಿಸುವುದು ಭಯವೇ. ಮಸಿನಗುಡಿಯ ಮಗುವಿಗೆ ಆನೆಯ ಭಯ ಪೂರ್ತಿ ಹೋಗಿಬಿಟ್ಟರೆ ಗತಿ ಏನು ಹೇಳಿ? ಅಲ್ಲಿ ಬೇಕಾಗಿರೋದು ಭಯ ತೆಗೆಯುವುದಲ್ಲ, ಅದನ್ನು ಸರಿಯಾದ ಅಳತೆಗೆ ತರುವುದು. ತಗಡಿನ ಮೇಲಿನ ನಾಲ್ಕು ಹನಿಗೆ ಎದೆ ಬಡಿಯಬಾರದು. ಎಚ್ಚರಿಕೆ ಬಂದ ರಾತ್ರಿ ಬಡಿಯಬೇಕು.

ಈ ಗೆರೆ ಎಲ್ಲಿ ಎಳೆಯಬೇಕು ಅನ್ನೋದು ಹೆಡ್‌ಸೆಟ್‌ಗೆ ಗೊತ್ತಿಲ್ಲ. ಆ ಹುಡುಗಿಯ ಮನೆ ಇಳಿಜಾರಿನಲ್ಲಿದೆಯೋ ಸಮತಟ್ಟಿನಲ್ಲಿದೆಯೋ, ಅವಳು ಹೆದರುವುದು ಮಳೆಗೋ, ಕತ್ತಲೆಗೋ, ಅಥವಾ ಆ ರಾತ್ರಿ ಮನೆಯಲ್ಲಿ ಆದ ಜಗಳಕ್ಕೋ, ಇದನ್ನೆಲ್ಲ ಯಾರಾದರೂ ಕೂತು ಕೇಳಿ ತಿಳಿಯಬೇಕು. ಆಮೇಲೆ ಯಂತ್ರ. ಸಿದ್ಧತೆ ಇಲ್ಲದೆ ಏಣಿಯ ಮೇಲಿನ ಮೆಟ್ಟಿಲಿಗೆ ಒಮ್ಮೆಗೇ ಹತ್ತಿಸಿದರೆ ಭಯ ಹೆಚ್ಚಲೂಬಹುದು. ಸ್ನೇಹಿತರು ತಮಾಷೆಗೆ ಒಬ್ಬರ ಕಣ್ಣಿಗೆ ಹೆಡ್‌ಸೆಟ್ ಕಟ್ಟಿ ಭೂತದ ಆಟ ಹಾಕುವುದು ಚಿಕಿತ್ಸೆ ಅಲ್ಲ, ಇದನ್ನು ಒತ್ತಿ ಹೇಳಬೇಕಾಗಿದೆ. ಪುಟ್ಟ ಮಕ್ಕಳಿಗೆ ಇದು ಬೇಡ ಎಂದು ತಯಾರಕರೇ ವಯಸ್ಸಿನ ಮಿತಿ ಹಾಕಿರುತ್ತಾರೆ.

ಮಾತಾಡುವ ಯಂತ್ರ

ಕೂತು ಕೇಳುವವರು ಎಲ್ಲಿದ್ದಾರೆ? ಬೆಂಗಳೂರಿನ ನಿಮ್ಹಾನ್ಸ್ 2015-16ರಲ್ಲಿ ತಮಿಳುನಾಡೂ ಸೇರಿದಂತೆ 12 ರಾಜ್ಯಗಳಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ನಡೆಸಿತು. ಮಾನಸಿಕ ಕಾಯಿಲೆ ಇರುವ ಪ್ರತಿ 100 ಜನರಲ್ಲಿ, ಕಾಯಿಲೆಗೆ ತಕ್ಕಂತೆ, 70ರಿಂದ 92 ಜನಕ್ಕೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ನಿಮ್ಮ ವಯಸ್ಸಿನವರಲ್ಲಿ, ಅಂದರೆ 13ರಿಂದ 17 ವರ್ಷದವರಲ್ಲಿ, ಸುಮಾರು 7% ಮಂದಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಕಂಡುಬಂತು. ನಲವತ್ತು ಮಕ್ಕಳ ತರಗತಿಯಲ್ಲಿ ಇಬ್ಬರೋ ಮೂವರೋ ಆದರು. ವೈದ್ಯರು ಸಾಲದು. ಹಾಗಾಗಿ ಯಂತ್ರವೇ ಕೇಳಿಸಿಕೊಂಡರೆ ಹೇಗೆ ಎಂಬ ಯೋಚನೆ.

ಕಂಪ್ಯೂಟರ್‌ಗೆ ಮಾತು ಕಲಿಸಿದ ಮೊದಲಿಗರಲ್ಲಿ ಒಬ್ಬರು ಅಮೆರಿಕದ ಎಂ.ಐ.ಟಿ.ಯ ಜೋಸೆಫ್ ವೈಜೆನ್‌ಬಾಮ್. 1966ರಲ್ಲಿ ಅವರು ಪ್ರಕಟಿಸಿದ ಕಾರ್ಯಕ್ರಮದ ಹೆಸರು ಎಲೈಜಾ. ಅದು ಮನೋವೈದ್ಯರ ಹಾಗೆ ಪ್ರಶ್ನೆ ಕೇಳುತ್ತಿತ್ತು. ಒಳಗೆ ಬುದ್ಧಿ ಗಿದ್ಧಿ ಏನೂ ಇಲ್ಲ, ಬರೀ ನಿಯಮಗಳು. ನೀವೇ ಒಂದು ಮಾಡಬಹುದು, ಕರೆಂಟೂ ಬೇಡ.

ಮಾಡಿ ನೋಡಿ: ತರಗತಿಯಲ್ಲಿ ಒಬ್ಬರು ಯಂತ್ರ ಆಗಿ. ಕೈಯಲ್ಲಿ ಒಂದು ಚೀಟಿ. ಎದುರಿನವರ ಮಾತಿನಲ್ಲಿ ಅಮ್ಮ, ಅಪ್ಪ, ಅಜ್ಜಿ ಎಂಬ ಪದ ಬಂದರೆ "ನಿಮ್ಮ ಮನೆಯವರ ಬಗ್ಗೆ ಇನ್ನೂ ಸ್ವಲ್ಪ ಹೇಳಿ" ಅನ್ನಬೇಕು. ಭಯ, ಹೆದರಿಕೆ ಬಂದರೆ "ಆ ಭಯ ಯಾವಾಗಿಂದ ಇದೆ?" ಯಾವಾಗಲೂ, ಯಾರೂ ಎಂಬ ಪದ ಬಂದರೆ "ಒಂದು ಉದಾಹರಣೆ ಹೇಳ್ತೀರಾ?" ಯಾವ ಪದವೂ ಸಿಗದಿದ್ದರೆ "ಹೌದಾ? ಆಮೇಲೆ?" ಚೀಟಿಯಲ್ಲಿ ಇಲ್ಲದ ಒಂದು ಮಾತೂ ಆಡುವ ಹಾಗಿಲ್ಲ. ಐದು ನಿಮಿಷ ನಡೆಸಿ. ಮೊದಮೊದಲು ಯಂತ್ರ ಬಲು ಜಾಣ ಅನ್ನಿಸುತ್ತದೆ. ಆಮೇಲೆ ಯಾರಾದರೂ "ನನಗೆ ಭಯ ಏನೂ ಇಲ್ಲಪ್ಪ" ಅಂತಾರೆ. ಯಂತ್ರ ಏನು ಉತ್ತರಿಸುತ್ತದೆ ಅಂತ ನೀವೇ ನೋಡಿ.

ಎಲೈಜಾ ಇನ್ನೊಂದು ತಂತ್ರ ಮಾಡುತ್ತಿತ್ತು, ನಾವು ಹೇಳಿದ್ದನ್ನೇ ತಿರುಗಿಸಿ ಪ್ರಶ್ನೆ ಮಾಡುವುದು. ಇಂಗ್ಲಿಷಿನಲ್ಲಿ ಇದಕ್ಕೆ 'ನಾನು' ಇದ್ದಲ್ಲಿ 'ನೀವು' ಹಾಕಿದರೆ ಹೆಚ್ಚಿನ ಕೆಲಸ ಮುಗಿಯಿತು. ಕನ್ನಡದಲ್ಲಿ ಪ್ರಯತ್ನಿಸಿ. "ನಾನು ಹೆದರ್ತೀನಿ" ಎಂಬುದಕ್ಕೆ "ನೀವು ಹೆದರ್ತೀನಿ" ಅಂದರೆ ನಗುತ್ತಾರೆ. ಕ್ರಿಯಾಪದದ ಬಾಲವೂ ಬದಲಾಗಬೇಕು. "ಅವಳು ಹೆದರ್ತಾಳೆ", "ಅವನು ಹೆದರ್ತಾನೆ", "ಅದು ಹೆದರುತ್ತೆ". ವ್ಯಾಕರಣದ ಪಿರಿಯಡ್ಡಿನಲ್ಲಿ ಆಖ್ಯಾತ ಪ್ರತ್ಯಯ ಯಾಕೆ ಕಲೀಬೇಕು ಅಂತ ಕೇಳ್ತೀರಲ್ಲ, ಕನ್ನಡಕ್ಕೆ ಇಂಥ ಯಂತ್ರ ಬರೆಯಲು ಹೊರಟವರಿಗೆ ಮೊದಲ ದಿನವೇ ಬೇಕಾಗುತ್ತದೆ.

ಎಲೈಜಾಗೆ ಏನೂ ಅರ್ಥವಾಗುವುದಿಲ್ಲ ಎಂದು ವೈಜೆನ್‌ಬಾಮ್‌ಗೆ ಚೆನ್ನಾಗಿ ಗೊತ್ತಿತ್ತು. ಆದರೆ ಅವರ ಕಚೇರಿಯ ಕಾರ್ಯದರ್ಶಿ ಅದರ ಜೊತೆ ಮಾತಿಗೆ ಕೂತವರು ಸ್ವಲ್ಪ ಹೊತ್ತಿನಲ್ಲೇ "ನೀವು ಕೋಣೆಯಿಂದ ಸ್ವಲ್ಪ ಹೊರಗೆ ಹೋಗ್ತೀರಾ?" ಎಂದು ಅವರನ್ನೇ ಕೇಳಿದರಂತೆ. ವೈಜೆನ್‌ಬಾಮ್ ಬೆಚ್ಚಿದರು. ಮುಂದೆ 1976ರಲ್ಲಿ, ಕಂಪ್ಯೂಟರ್‌ಗೆ ಯಾವ ಕೆಲಸ ಕೊಡಬಾರದು ಎಂಬುದರ ಬಗ್ಗೆ ಒಂದು ಪುಸ್ತಕವನ್ನೇ ಬರೆದರು.

ಇಂದಿನ ಎ.ಐ. ಚೀಟಿಯ ನಿಯಮಗಳಿಂದ ನಡೆಯುವುದಿಲ್ಲ. ಕೋಟ್ಯಂತರ ವಾಕ್ಯಗಳನ್ನು ಉಣಿಸಿ, ಯಾವ ಪದದ ಹಿಂದೆ ಯಾವ ಪದ ಬರುವ ಸಂಭವ ಹೆಚ್ಚು ಎಂದು ಅದಕ್ಕೆ ಕಲಿಸಿರುತ್ತಾರೆ. ಅದರ ಮಾತು ಎಲೈಜಾಗಿಂತ ಸಾವಿರ ಪಾಲು ನಯ. ಮಾತಿನ ವೇಗ, ದನಿಯ ಏರಿಳಿತ ನೋಡಿ ಖಿನ್ನತೆಯ ಸುಳಿವು ಹಿಡಿಯಬಹುದೇ ಎಂಬ ಸಂಶೋಧನೆಗಳೂ ನಡೆಯುತ್ತಿವೆ. ಆದರೆ ಉಣಿಸಿದ್ದು ಏನು ಎಂಬುದರ ಮೇಲೆ ಎಲ್ಲ ನಿಂತಿದೆ. ಇಂಗ್ಲಿಷಿನ ರಾಶಿ ಬೆಟ್ಟದಷ್ಟು, ಕನ್ನಡದ್ದು ಬೊಗಸೆಯಷ್ಟು. ಬಡಗ ಭಾಷೆಗೆ ರೂಢಿಯಲ್ಲಿ ತನ್ನದೇ ಲಿಪಿಯೂ ಇಲ್ಲ, ಅದರದ್ದು ಚಿಟಿಕೆಯಷ್ಟು.

ಇದು ಭಾಷಾಭಿಮಾನದ ಮಾತಲ್ಲ, ಜೀವದ ಪ್ರಶ್ನೆ. ನಮ್ಮ ಮಂದಿ "ನನಗೆ ಖಿನ್ನತೆ ಇದೆ" ಅಂತ ಹೇಳೋದು ತೀರಾ ಅಪರೂಪ. "ತಲೆಯೆಲ್ಲ ಭಾರ", "ಯಾಕೋ ಬೇಜಾರು", "ಹೊಟ್ಟೆಯಲ್ಲಿ ಸಂಕಟ", "ಕೈಕಾಲಲ್ಲಿ ಶಕ್ತಿಯೇ ಇಲ್ಲ" ಅಂತಾರೆ. "ಹೊಟ್ಟೆ ಉರಿಯುತ್ತೆ" ಅಂದರೆ ಅಸೂಯೆಯೂ ಆಗಬಹುದು, ಆಮ್ಲೀಯತೆಯೂ ಆಗಬಹುದು, ಮಗನನ್ನು ಕಳೆದುಕೊಂಡ ತಾಯಿಯ ದುಃಖವೂ ಆಗಬಹುದು. "ಸಾಕಾಗಿಹೋಗಿದೆ" ಎಂಬ ಒಂದೇ ಮಾತನ್ನು ಹೋಂವರ್ಕ್ ಮುಗಿಸಿದ ಹುಡುಗನೂ ಹೇಳುತ್ತಾನೆ, ಬದುಕಿನ ಮೇಲೆ ಆಸೆ ಕಳೆದುಕೊಂಡವರೂ ಹೇಳುತ್ತಾರೆ. ಪಕ್ಕದಲ್ಲಿ ಕೂತವರಿಗೆ ಮುಖ ನೋಡಿ ವ್ಯತ್ಯಾಸ ತಿಳಿಯುತ್ತದೆ. ಅಕ್ಷರ ಮಾತ್ರ ಓದುವ ಯಂತ್ರಕ್ಕೆ?

ನಮ್ಮ ಬೆಂಗಳೂರಿನಲ್ಲೇ ಹುಟ್ಟಿದ ವೈಸಾ ಎಂಬ ಆ್ಯಪ್ ಇದೆ. ಪೆಂಗ್ವಿನ್ ಹಕ್ಕಿಯ ರೂಪದಲ್ಲಿ ಚಾಟ್ ಮಾಡುತ್ತದೆ, ಆತಂಕಕ್ಕೆ ಉಸಿರಾಟದ ಅಭ್ಯಾಸ ಹೇಳಿಕೊಡುತ್ತದೆ, ಯೋಚನೆಯನ್ನು ಇನ್ನೊಂದು ಬದಿಯಿಂದ ನೋಡಲು ಕಲಿಸುತ್ತದೆ. ಹಲವು ದೇಶಗಳಲ್ಲಿ ಬಳಕೆಯಲ್ಲಿದೆ, ಅನೇಕರಿಗೆ ನೆರವಾಗಿದೆ. ಆದರೆ 2018ರಲ್ಲಿ ಬಿ.ಬಿ.ಸಿ. ಪತ್ರಕರ್ತರು ಇದನ್ನೂ ಅಮೆರಿಕದ ವೋಬಾಟ್ ಎಂಬ ಇನ್ನೊಂದನ್ನೂ ಪರೀಕ್ಷಿಸಿದರು. ಮಗುವೊಂದು ತನ್ನ ಮೇಲೆ ದೌರ್ಜನ್ಯ ಆಗುತ್ತಿದೆ ಎಂದು ಬರೆಯುವ ಹಾಗೆ ಬರೆದು ನೋಡಿದರು. ಅದೂ ಇಂಗ್ಲಿಷಿನಲ್ಲೇ. ಎರಡೂ ಅದನ್ನು ಗುರುತಿಸಿ "ಕೂಡಲೇ ಸಹಾಯ ಪಡೆ" ಎಂದು ಹೇಳುವುದರಲ್ಲಿ ಸೋತವು. ಆಮೇಲೆ ಎರಡೂ ಕಂಪನಿಯವರು ತಿದ್ದುಪಡಿಗೆ ಮುಂದಾದರು. ತಿದ್ದಬಹುದು, ನಿಜ. ಆದರೆ ತಪ್ಪು ಕಂಡ ಮೇಲೆ ತಿದ್ದುವುದು ಇನ್ನೊಬ್ಬ ಮನುಷ್ಯ, ಮತ್ತು ಅದಕ್ಕೆ ಮೊದಲು ಬರೆದ ಮಗುವಿಗೆ ಅದರಿಂದ ಪ್ರಯೋಜನ ಇಲ್ಲ.

ಇನ್ನೊಂದು ವಿಷಯ. ಯಂತ್ರಕ್ಕೆ ಹೇಳಿದ ಗುಟ್ಟು ಎಲ್ಲೋ ಒಂದು ಕಂಪ್ಯೂಟರ್‌ನಲ್ಲಿ ಉಳಿಯುತ್ತದೆ. ನಿಮ್ಮ ಹೆಸರು, ಶಾಲೆ, ಫೋಟೋ, ಮನೆಯ ಜಗಳ ಇವನ್ನು ಅದಕ್ಕೆ ಬರೆಯುವ ಮೊದಲು ಹತ್ತು ಸಲ ಯೋಚಿಸಿ. ಮತ್ತೆ, ಇಂಥ ಯಂತ್ರಗಳು ನಾವು ಹೇಳಿದ್ದಕ್ಕೆಲ್ಲ "ಹೌದು ಹೌದು" ಅನ್ನುವುದು ಜಾಸ್ತಿ. ನಿಜವಾದ ಗೆಳತಿ ಆಗಾಗ "ಅದು ತಪ್ಪು ಕಣೇ" ಅಂತಾಳೆ.

ತಂತಿಯ ಆಚೆ ಯಾರಿದ್ದಾರೆ

ಯಂತ್ರ ಅಂದರೆ ನನಗೆ ಸಿಟ್ಟು ಅಂತ ತಿಳಿಯಬೇಡಿ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಎಂ. ವಿ. ಗೋಪಾಲಸ್ವಾಮಿ ಎಂಬ ಪ್ರಾಧ್ಯಾಪಕರಿದ್ದರು. ಲಂಡನ್ನಿನಲ್ಲಿ ಸ್ಪಿಯರ್‌ಮನ್ ಎಂಬ ಪ್ರಸಿದ್ಧ ಮನೋವಿಜ್ಞಾನಿಯ ಬಳಿ ಕಲಿತು ಬಂದು, 1924ರಲ್ಲಿ ಇಲ್ಲಿ ಮನೋವಿಜ್ಞಾನ ವಿಭಾಗ ಕಟ್ಟಿದವರು. ಇವರೇ 1935ರಲ್ಲಿ ತಮ್ಮ ಮನೆಯಿಂದ ಒಂದು ಪುಟ್ಟ ರೇಡಿಯೋ ಕೇಂದ್ರ ಶುರು ಮಾಡಿದರು. ಹೆಸರು ಆಕಾಶವಾಣಿ. ದೇಶಕ್ಕೆಲ್ಲ ಆಮೇಲೆ ಪರಿಚಿತವಾದ ಹೆಸರು ಅದೇ. ಮನಸ್ಸನ್ನು ಓದುವ ಮೇಷ್ಟ್ರಿಗೆ ಆ ಕಾಲದ ಅತಿ ಹೊಸ ಯಂತ್ರದ ಮೇಲೆ ಎಷ್ಟು ಕುತೂಹಲ ನೋಡಿ!

ರೇಡಿಯೋದ ಆಚೆ ಒಬ್ಬ ಮನುಷ್ಯ ಮಾತಾಡುತ್ತಿದ್ದ. ಫೋನಿನ ಆಚೆಯೂ ಹಾಗೇ. 2022ರ ಅಕ್ಟೋಬರ್ 10ರಂದು, ವಿಶ್ವ ಮಾನಸಿಕ ಆರೋಗ್ಯ ದಿನ, ಭಾರತ ಸರ್ಕಾರ ಟೆಲಿ ಮಾನಸ್ ಎಂಬ ದೂರವಾಣಿ ಸೇವೆ ಆರಂಭಿಸಿತು. ಇದಕ್ಕೆ ಕೇಂದ್ರ ಸಂಸ್ಥೆ ನಿಮ್ಹಾನ್ಸ್, ತಾಂತ್ರಿಕ ನೆರವು ಬೆಂಗಳೂರಿನ ಐ.ಐ.ಐ.ಟಿ.ಯದು. ಸಂಖ್ಯೆ 14416. ಹಗಲು ರಾತ್ರಿ ಯಾವಾಗ ಬೇಕಾದರೂ, ದುಡ್ಡಿಲ್ಲದೆ ಮಾತಾಡಬಹುದು. ಕನ್ನಡ, ತಮಿಳು ಎರಡೂ ಇವೆ, ಹಾಗಾಗಿ ಗಡಿಯ ಈಚೆ ಇದ್ದರೂ ಆಚೆ ಇದ್ದರೂ ಇದೇ ಸಂಖ್ಯೆ. ಕರೆ ಎಲ್ಲಿಗೆ ಹೋಗಬೇಕು ಎಂದು ನೋಡುವುದು ಯಂತ್ರ, ಕೇಳಿಸಿಕೊಳ್ಳುವುದು ತರಬೇತಿ ಪಡೆದ ಮನುಷ್ಯ. ಮಕ್ಕಳಿಗೆ ಯಾವುದೇ ಅಪಾಯ ಇದ್ದರೆ 1098. ಎರಡನ್ನೂ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಬರೆದಿಡಿ. ನಿಮಗೇ ಬೇಕಾಗುತ್ತದೆ ಅಂತಲ್ಲ, ಪಕ್ಕದ ಬೆಂಚಿನವರಿಗೆ ಬೇಕಾಗಬಹುದು.

ಊರಿನ ಆಸ್ಪತ್ರೆಯಲ್ಲೇ ಮನಸ್ಸಿಗೂ ಔಷಧಿ ಸಿಗಲಿ ಎಂಬ ಪ್ರಯೋಗ 1980ರ ದಶಕದಲ್ಲಿ ನಮ್ಮ ಬಳ್ಳಾರಿ ಜಿಲ್ಲೆಯಲ್ಲೇ ನಡೆದದ್ದು, ನಿಮ್ಹಾನ್ಸ್ ಮಾರ್ಗದರ್ಶನದಲ್ಲಿ. ಅದೇ ಮಾದರಿಯ ಮೇಲೆ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ದೇಶದಲ್ಲಿ ಶುರುವಾಯಿತು. ಹಾಗಾಗಿ ಮನಸ್ಸಿನ ತೊಂದರೆಗೆ ಬೆಂಗಳೂರಿಗೇ ಹೋಗಬೇಕು ಅಂತಿಲ್ಲ, ಮೊದಲು ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ.

ಅಭ್ಯಾಸ

ಒಂದು. ಸುಮ್ಮನೆ ಕೂತು ಮಣಿಕಟ್ಟಿನ ನಾಡಿ ಅರ್ಧ ನಿಮಿಷ ಎಣಿಸಿ, ಎರಡರಿಂದ ಗುಣಿಸಿ. ಎಣಿಸಲು ತೋರುಬೆರಳು ಮತ್ತು ಮಧ್ಯದ ಬೆರಳು ಬಳಸಿ. ಹೆಬ್ಬೆರಳಿಗೆ ತನ್ನದೇ ನಾಡಿ ಇದೆ, ಲೆಕ್ಕ ತಪ್ಪುತ್ತದೆ. ಆಮೇಲೆ ಮೇಷ್ಟ್ರು "ಈಗ ಒಬ್ಬರನ್ನು ಬೋರ್ಡಿಗೆ ಕರೀತೀನಿ" ಅಂದ ಕೂಡಲೇ ಮತ್ತೆ ಎಣಿಸಿ. ಇಡೀ ತರಗತಿಯ ಎರಡೂ ಸರಾಸರಿ ತೆಗೆದು ಸ್ತಂಭಾಲೇಖ ಬರೆಯಿರಿ.

ಎರಡು. ಸಭೆಯಲ್ಲಿ ಮಾತಾಡುವ ಭಯಕ್ಕೆ ಎಂಟು ಮೆಟ್ಟಿಲಿನ ಏಣಿ ಮಾಡಿ. ಮೊದಲ ಮೆಟ್ಟಿಲು ಕನ್ನಡಿಯ ಮುಂದೆ ಹೆಸರು ಹೇಳುವುದು ಇರಲಿ. ವಿ.ಆರ್. ಇಲ್ಲದೆ ಎಷ್ಟು ಮೆಟ್ಟಿಲು ಹತ್ತಬಹುದು ಗುರುತಿಸಿ.

ಮೂರು. ಮನೆಯ ಹಿರಿಯರನ್ನು ಕೇಳಿ ಭಯ, ದುಃಖ, ಬೇಸರಕ್ಕೆ ಅವರು ಬಳಸುವ ಮಾತುಗಳನ್ನು ಅವರು ಹೇಳಿದ ಹಾಗೇ ಬರೆದುಕೊಳ್ಳಿ. ಸೋಲಿಗರ ಮನೆಯ ಮಾತು, ಬಡಗರ ಮನೆಯ ಮಾತು, ಉರ್ದು ಬೆರೆತ ಮಾತು ಯಾವುದಾದರೂ ಸರಿ, ತಿದ್ದಬೇಡಿ. ಒಂದೊಂದರ ಎದುರಿಗೂ ಅದನ್ನು ಯಾವ ಸಂದರ್ಭದಲ್ಲಿ ಹೇಳ್ತಾರೆ ಅಂತ ಒಂದು ವಾಕ್ಯ ಬರೆಯಿರಿ. ಯಾರ ಹೆಸರೂ ಬೇಡ. ಇಪ್ಪತ್ತು ಮಾತು ಆದ ಮೇಲೆ, ತರಗತಿಯ ಕಾಗದದ ಎಲೈಜಾ ಮುಂದೆ ಒಂದೊಂದಾಗಿ ಓದಿ, ಎಷ್ಟಕ್ಕೆ "ಹೌದಾ? ಆಮೇಲೆ?" ಅನ್ನುವ ಉತ್ತರ ಬಂತು ಎಣಿಸಿ.